ಬಿಚ್ಚಲು ಬರುವ ಮರ

ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು ಏರುವ ಮುನ್ನ ಹಳೆ ಬಾಗಲಕೋಟೆಯವರು ನವನಗರಕ್ಕೆ ಸಾಗಿಸಿದ್ದು ಪಾತ್ರೆ-ಪಡಗವನ್ನಷ್ಟೇ ಅಲ್ಲ. ಬಾಗಿಲ ಚೌಕಟ್ಟು, ತೊಲೆ, ಜಂತಿ, ಸಾಗವಾನಿ ಕಂಬಗಳನ್ನೂ ಬಿಚ್ಚಿಕೊಂಡು ಹೋದರು. ಮಣ್ಣಿನ ಗೋಡೆ ಅಲ್ಲೇ ಕರಗಿತು, ಮರ ಉಳಿಯಿತು. ಸಾಗವಾನಿಯ ಗಟ್ಟಿತನವೊಂದೇ ಇದಕ್ಕೆ ಕಾರಣವಲ್ಲ. ತೂತಿಗೆ ಮರದ ತುದಿ ಇಳಿಸಿ ಬೆಣೆ ಹೊಡೆದ ಬಡಿಗ, ಮುಂದೊಂದು ದಿನ ಆ ಬೆಣೆ ಕೀಳುವವನಿಗೂ ದಾರಿ ಬಿಟ್ಟಿದ್ದ.

ಪರಿಸರಸ್ನೇಹಿ ಪೀಠೋಪಕರಣ ಎಂದಾಗ ನಾವು ಕೇಳುವುದು ಅದು ಯಾವುದರಿಂದ ಆದದ್ದು ಎಂದು. ಬಿಚ್ಚಲು ಬರುತ್ತದೆಯೇ ಎಂಬುದನ್ನು ಅದಕ್ಕಿಂತ ಮೊದಲು ಕೇಳಬೇಕು ಎಂದು ನನಗೆ ಅನ್ನಿಸುತ್ತದೆ. ಪಾರ್ಟಿಕಲ್ ಬೋರ್ಡನ್ನೇ ನೋಡಿ. ಉಳಿಕೆ ಮರದ ಚೂರುಗಳನ್ನು ಅಂಟಿನಲ್ಲಿ ಒತ್ತಿ ಮಾಡುವ ಹಲಗೆ. ಮರ ಉಳಿಸುವ ಒಳ್ಳೆಯ ಉಪಾಯದಂತೆ ಕಾಣುತ್ತದೆ. ಆದರೆ ನೀರು ತಾಗಿದರೆ ಉಬ್ಬುತ್ತದೆ. ಒಮ್ಮೆ ಕಿತ್ತ ಸ್ಕ್ರೂ ಅದೇ ತೂತಿನಲ್ಲಿ ಮತ್ತೆ ಗಟ್ಟಿಯಾಗಿ ಕೂರುವುದಿಲ್ಲ. ಫಾರ್ಮಾಲ್ಡಿಹೈಡ್ ಅಂಟಿರುವುದರಿಂದ ಒಲೆಗೂ ಹಾಕುವಂತಿಲ್ಲ.

ನಮ್ಮ ಕಡೆಯ ಹೊರಸಿನಲ್ಲಿ ಇರುವುದು ನಾಲ್ಕು ಕಾಲು, ನಾಲ್ಕು ಪಟ್ಟಿ, ಹಗ್ಗ. ಹಗ್ಗ ಜೋತುಬಿದ್ದರೆ ಎಳೆದು ಬಿಗಿಯುತ್ತಾರೆ, ಹರಿದರೆ ಹೊಸದು ಹೆಣೆಯುತ್ತಾರೆ. ಕಾಲು ಮುರಿದರೆ ಕಾಲೊಂದನ್ನೇ ಬದಲಿಸುತ್ತಾರೆ. ಹಗ್ಗದ ಆಯುಷ್ಯ ಬೇರೆ, ಮರದ ಆಯುಷ್ಯ ಬೇರೆ ಎಂದು ಅರಿತವರು ಮಾಡಿದ ವಿನ್ಯಾಸ ಅದು. ಬೇಗ ಸವೆಯುವುದನ್ನು ನಿಧಾನ ಸವೆಯುವುದಕ್ಕೆ ಅಂಟಿಸಿಬಿಟ್ಟರೆ ಎರಡೂ ಒಂದೇ ದಿನ ಸಾಯುತ್ತವೆ.

ಕಲ್ಲಿನಲ್ಲೂ ಈ ಜಾಣ್ಮೆ ಇತ್ತು. ಐಹೊಳೆಯ ಲಾಡ್‌ಖಾನ್ ಗುಡಿಯ ಮಾಡಿನಲ್ಲಿ ಚಪ್ಪಡಿಗಳ ಸಂದು ಮುಚ್ಚಲು ಮರದ ದಿಮ್ಮಿಯಂಥ ಉದ್ದನೆಯ ಕಲ್ಲುಗಳನ್ನು ಹೊದಿಸಿದ್ದಾರೆ. ಬಾದಾಮಿ ಚಾಲುಕ್ಯರು ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿದರು. ಅವರದೇ ಕಾಲದ ಕೂಡಲಿ ಸಂಗಮೇಶ್ವರ ಗುಡಿ ಶ್ರೀಶೈಲ ಜಲಾಶಯದಲ್ಲಿ ಮುಳುಗಲಿದ್ದಾಗ, ಅದನ್ನು ಬಿಚ್ಚಿ ಆಲಂಪುರದಲ್ಲಿ ಮತ್ತೆ ಕಟ್ಟಲು ಸಾಧ್ಯವಾಯಿತು. ಹಾಗೆಂದು ಇಳಕಲ್ಲಿನ ಕೆಂಪು ಗ್ರಾನೈಟಿನಲ್ಲಿ ಮೇಜು ಮಾಡಿ ದೂರದೂರಿಗೆ ಕಳಿಸುವುದನ್ನು ನಾನು ಒಪ್ಪಲಾರೆ. ಕಡಿದ ಗುಡ್ಡ ಮತ್ತೆ ಬೆಳೆಯದು. ಗಣಿಯಲ್ಲಿ ಒಡೆದು ಬಿದ್ದ ತುಂಡುಗಳಿಂದ ಹುನಗುಂದದ ಶಾಲೆಗಳ ಅಂಗಳಕ್ಕೆ ಕೂರುವ ಕಟ್ಟೆಗಳಾದರೆ ಸಂತೋಷ.

ಈಗ ಆಲಮಟ್ಟಿಯ ನೀರಿನ ಮಟ್ಟವನ್ನು 519.6ರಿಂದ 524.256 ಮೀಟರಿಗೆ ಏರಿಸುವ ಯೋಜನೆ ಮುಂದಿದೆ. ಇನ್ನಷ್ಟು ಮನೆಗಳು ಖಾಲಿಯಾಗಬೇಕಾಗುತ್ತದೆ. ಆ ಮನೆಗಳ ತೊಲೆ, ಕಂಬ, ಬಾಗಿಲುಗಳ ಅಳತೆ ಬರೆದಿಟ್ಟು, ಅವುಗಳಿಂದ ಏನೇನು ಮಾಡಬಹುದೆಂದು ಊರಿನ ಬಡಿಗರೊಂದಿಗೆ ಕೂತು ಯೋಚಿಸುವ ಕೆಲಸವನ್ನು ನಮ್ಮ ವಿನ್ಯಾಸದ ವಿದ್ಯಾರ್ಥಿಗಳು ನೀರು ಬರುವ ಮೊದಲೇ ಶುರುಮಾಡಲಿ.