ಬಲ್ಲವರ ಕೈಯಲ್ಲಿ ಬೀಗದ ಕೈ

ನಮ್ಮ ಕಾಲೇಜಿನ ಬಿ.ಕಾಂ. ವಿದ್ಯಾರ್ಥಿನಿಯೊಬ್ಬಳು ಕೇಳಿದಳು: "ಸರ್, ಹತ್ತು ವರ್ಷ ಬ್ಯಾಂಕಿನಲ್ಲಿ ದುಡಿದು ಆಮೇಲೆ ಚುನಾವಣೆಗೆ ನಿಲ್ಲಬೇಕು ಅಂತಿದೀನಿ. ತಪ್ಪಾ?" "ತಪ್ಪೇನಿಲ್ಲಮ್ಮ" ಎಂದುಬಿಟ್ಟೆ. ಮನೆ ಸೇರುವಷ್ಟರಲ್ಲಿ ಆ ಉತ್ತರ ಅರ್ಧವೇ ಅನ್ನಿಸತೊಡಗಿತು.

ಹಣದ ಒಳಹೊರಗು ಬಲ್ಲವರು ರಾಜಕೀಯಕ್ಕೆ ಬಂದರೆ ನಮಗೆ ಎರಡು ಮನಸ್ಸು. ಬಜೆಟ್ ಅರ್ಥವಾಗದ ಮಂತ್ರಿಯನ್ನು ಕಂಡು ನಗುತ್ತೇವೆ. ಚೆನ್ನಾಗಿ ಅರ್ಥವಾಗುವವರನ್ನು ಕಂಡರೆ ಅನುಮಾನಪಡುತ್ತೇವೆ. ಈ ಅನುಮಾನ ಬರೀ ಹೊಟ್ಟೆಕಿಚ್ಚೇ?

ಹೆನ್ರಿ ಪಾಲ್ಸನ್ ಗೋಲ್ಡ್‌ಮನ್ ಸ್ಯಾಕ್ಸ್‌ನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದು, ಅದರ ಮುಖ್ಯಸ್ಥರಾಗಿ, 2006ರಲ್ಲಿ ಅಮೆರಿಕದ ಖಜಾನೆ ಕಾರ್ಯದರ್ಶಿಯಾದರು. ನಿಯಮದಂತೆ ಆ ಸಂಸ್ಥೆಯ ಷೇರುಗಳನ್ನು ಮಾರಿದರು. 2008ರ ಸೆಪ್ಟೆಂಬರ್ 15ರಂದು ಲೇಮನ್ ಬ್ರದರ್ಸ್ ದಿವಾಳಿಯಾಯಿತು. ಮರುದಿನವೇ ವಿಮಾ ಕಂಪನಿ ಎಐಜಿಗೆ 8,500 ಕೋಟಿ ಡಾಲರ್ ಸಾಲದ ಆಸರೆ ಸಿಕ್ಕಿತು. ಎಐಜಿಯಿಂದ ಹಣ ಬರಬೇಕಿದ್ದವರಲ್ಲಿ ಗೋಲ್ಡ್‌ಮನ್ ಕೂಡ ಇತ್ತು. ಆ ನಿರ್ಧಾರ ಸರಿಯೇ ಇದ್ದಿರಬಹುದು. ಆದರೂ ಜನರ ಅನುಮಾನ ಹೋಗಲಿಲ್ಲ. ಷೇರು ಮಾರಬಹುದು, ಮೂವತ್ತು ವರ್ಷದ ಒಡನಾಟವನ್ನು ಯಾರಿಗೆ ಮಾರುವುದು?

ನಮ್ಮಲ್ಲೂ ಇಂಥದ್ದು ನಡೆದಿದೆ. ಟಿ.ಟಿ. ಕೃಷ್ಣಮಾಚಾರಿ ವ್ಯಾಪಾರದಲ್ಲಿ ಗೆದ್ದು ರಾಜಕೀಯಕ್ಕೆ ಬಂದು ಹಣಕಾಸು ಮಂತ್ರಿಯಾದವರು. 1957ರಲ್ಲಿ, ಹುಟ್ಟಿ ಇನ್ನೂ ವರ್ಷ ತುಂಬಿರದ ಜೀವ ವಿಮಾ ನಿಗಮ, ಹರಿದಾಸ್ ಮೂಂದ್ರಾ ಅವರ ಕಂಪನಿಗಳಲ್ಲಿ ಸುಮಾರು 1.25 ಕೋಟಿ ರೂಪಾಯಿ ಹೂಡಿತು. ಹೂಡಿಕೆ ಸಮಿತಿಯನ್ನು ಮುಂಚೆ ಕೇಳಿರಲಿಲ್ಲ. ಕಲ್ಕತ್ತದ ಷೇರುಪೇಟೆ ಕುಸಿಯದಂತೆ ತಡೆಯಲು ಹಾಗೆ ಮಾಡಿದೆವೆಂದು ಸಮರ್ಥನೆ ಬಂತು. ಲೋಕಸಭೆಯಲ್ಲಿ ಪ್ರಶ್ನೆ ಎತ್ತಿದವರು ಆಳುವ ಪಕ್ಷದವರೇ ಆದ, ಪ್ರಧಾನಿಯ ಅಳಿಯ ಫಿರೋಜ್ ಗಾಂಧಿ. ನ್ಯಾಯಮೂರ್ತಿ ಚಾಗ್ಲಾ ಬಹಿರಂಗವಾಗಿ ವಿಚಾರಣೆ ನಡೆಸಿ, ಕಾರ್ಯದರ್ಶಿಯ ಕೆಲಸಕ್ಕೆ ಮಂತ್ರಿಯೇ ಹೊಣೆ ಎಂದರು. 1958ರಲ್ಲಿ ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

ಮಂತ್ರಿ ಜೇಬಿಗೆ ಹಾಕಿಕೊಂಡರು ಎಂದು ಚಾಗ್ಲಾ ಹೇಳಲಿಲ್ಲ. ನನ್ನನ್ನು ಕಾಡುವುದು ಇದೇ. ಲಂಚವಾಗಿದ್ದರೆ ಸುಲಭವಿತ್ತು, ಕಳ್ಳ ಎಂದು ಕರೆದು ಸುಮ್ಮನಾಗಬಹುದಿತ್ತು. ಇಲ್ಲಿನ ದೋಷ ಬೇರೆ: ಪೇಟೆ ನಮಗೆ ಗೊತ್ತು, ಮತ್ತೆ ಕೇಳುವುದೇನು ಎಂಬ ಧೋರಣೆ. ತಿಂಗಳ ಸಂಬಳದಲ್ಲಿ ಉಳಿಸಿ ಪ್ರೀಮಿಯಂ ಕಟ್ಟಿದವರಿಗೆ ಪೇಟೆ ಗೊತ್ತಿರಲಿಲ್ಲ, ನಿಜ. ಆದರೆ ದುಡ್ಡು ಅವರದು. ತಿಳಿವಳಿಕೆ ಇದೆಯೆಂದು ಇನ್ನೊಬ್ಬರ ದುಡ್ಡಿನ ಮೇಲೆ ಹಕ್ಕು ಬರುವುದಿಲ್ಲ.

ತುರ್ತಿನಲ್ಲಿ ಎಲ್ಲರನ್ನೂ ಕೇಳುತ್ತ ಕೂರಲಾಗುತ್ತದೆಯೇ ಎನ್ನಬಹುದು. ಎರಡೂ ಸಲ ಮುಂದಿಟ್ಟ ಮಾತು ಅದೇ. ಮನೆಗೆ ಬೆಂಕಿ ಬಿದ್ದಾಗ ಬೀಗ ಒಡೆಯುವುದು ತಪ್ಪಲ್ಲ. ಆದರೆ ಬೆಂಕಿ ಆರಿದ ಮೇಲೆ ಮನೆಯವರ ಮುಂದೆ ನಿಂತು ಏನೇನು ಮುಟ್ಟಿದೆ ಎಂದು ಹೇಳಬೇಕು. ತುರ್ತು ಎಂದರೆ ಪ್ರಶ್ನೆಯನ್ನು ಮುಂದೂಡಬಹುದು, ಅಳಿಸಲಾಗದು.

ಮರುದಿನ ಅವಳನ್ನು ಕರೆದು ಹೇಳಿದೆ: "ಧಾರಾಳವಾಗಿ ನಿಲ್ಲಮ್ಮ. ಆದರೆ ನಿನಗಿಂತ ಕಡಿಮೆ ತಿಳಿದವರು ಲೆಕ್ಕ ಕೇಳಿದಾಗ ಸಿಟ್ಟಾಗದೆ ಹೇಳುವುದನ್ನು ಈಗಿನಿಂದಲೇ ಕಲಿ."

ಅವಳು ಸ್ವಲ್ಪ ಯೋಚಿಸಿ ಕೇಳಿದಳು: "ಅದನ್ನ ಬ್ಯಾಂಕಲ್ಲಿ ಕಲಿಸ್ತಾರಾ ಸರ್?"

ಇಪ್ಪತ್ತು ವರ್ಷದಿಂದ ಕಾಮರ್ಸ್ ಹೇಳಿಕೊಡುತ್ತಿರುವ ನಾನು ಕಲಿಸಿದ್ದೇನೆಯೇ ಎಂದು ಅವಳು ಕೇಳಲಿಲ್ಲ. ಅದು ಅವಳ ದೊಡ್ಡತನ.