ಸ್ಕೈಲರ್ ಹಿಡಿಸದಿದ್ದರೆ ತಪ್ಪೇ?

ಕಥೆಯ ಹೆಣ್ಣೊಬ್ಬಳು ಹಿಡಿಸಲಿಲ್ಲ ಎಂದ ಮಾತ್ರಕ್ಕೆ ಯಾರೂ ಸ್ತ್ರೀದ್ವೇಷಿಯಾಗುವುದಿಲ್ಲ. ಆದರೆ ಕೊಟ್ಟ ಕಾರಣವನ್ನು ತೂಗಿ ನೋಡಬಹುದು. ಅಮೆರಿಕದ ‘ಬ್ರೇಕಿಂಗ್ ಬ್ಯಾಡ್’ (2008–2013) ಧಾರಾವಾಹಿಯಲ್ಲಿ ಮಾದಕವಸ್ತು ತಯಾರಿಸಿ ಕೊಲೆಗಿಳಿಯುವವನು ವಾಲ್ಟರ್. ಅಭಿಮಾನಿಗಳು ಹರಿಹಾಯ್ದದ್ದು ಅವನನ್ನು ಪ್ರಶ್ನಿಸಿದ ಹೆಂಡತಿ ಸ್ಕೈಲರ್ ಮೇಲೆ. ಆ ಸಿಟ್ಟು ತನ್ನ ಮೇಲೂ ತಿರುಗಿತೆಂದು ಆ ಪಾತ್ರ ಮಾಡಿದ ನಟಿ ಆ್ಯನಾ ಗನ್ 2013ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಬರೆದರು. ಸ್ಕೈಲರ್ ಕೂಡ ಕಾರ್ ವಾಷ್ ಇಟ್ಟುಕೊಂಡು ಕಪ್ಪುಹಣ ಬಿಳಿ ಮಾಡಿದಳಲ್ಲ ಎನ್ನುವವರಿದ್ದಾರೆ. ಆ ಕಾರಣಕ್ಕೆ ಅವಳು ಬೇಡವಾದರೆ ತಕರಾರಿಲ್ಲ. ಅದೇ ಮೋಸ ಗಂಡ ಮಾಡಿದಾಗ ಜಾಣತನವಾಗಿ ಕಂಡರೆ ಅನುಮಾನ ಏಳುತ್ತದೆ. ಅಭಿರುಚಿಗೆ ಲೆಕ್ಕ ಒಪ್ಪಿಸಬೇಕೇ ಎಂದರೆ, ಬೇಡ. ಆದರೆ ಅವಳನ್ನು ‘ಗಯ್ಯಾಳಿ’ ಎನ್ನುವುದು ನಡತೆಯ ಮೇಲಿನ ತೀರ್ಪು, ಅದಕ್ಕೆ ಆಧಾರ ಕೇಳುವುದು ನ್ಯಾಯ. ನಾಯಕನಿಗೆ ಅಡ್ಡ ನಿಲ್ಲುವುದಷ್ಟೇ ಅವಳ ಕೆಲಸವಾಯಿತು ಎಂಬ ದೂರು ಬೇರೆ. ಅದಕ್ಕೆ ಉತ್ತರಿಸಬೇಕಾದವರು ಕಥೆ ಬರೆದವರು.