ಸಾಕ್ಷಿ ಹೇಳಿದವರು ಊರಿಗೆ ಮರಳಬೇಕು

2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಖುಲಾಸೆ ಮಾಡಿತು. 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ತಿರುಗಿಬಿದ್ದಿದ್ದರು. ಇದನ್ನು ಸಾಕ್ಷಿಗಳ ಪುಕ್ಕಲುತನವೆಂದು ತಳ್ಳಿಹಾಕುವುದು ಸುಲಭ. ಆದರೆ ದ್ವೇಷದ ಅಪರಾಧದ ಸ್ವಭಾವವೇ ಬೇರೆ. ಕಳ್ಳನೊಬ್ಬ ಜೈಲಿಗೆ ಹೋದರೆ ಊರು ಅವನ ಪರ ನಿಲ್ಲುವುದಿಲ್ಲ. ಜಾತಿಯ ಹಗೆಯಲ್ಲಿ ಹಾಗಲ್ಲ: ಕೂಲಿ ಕೊಡುವ ಜಮೀನುದಾರ, ಉದ್ರಿ ಕೊಡುವ ಅಂಗಡಿಯವನು, ರಾಜಿ ಪಂಚಾಯ್ತಿಯ ಹಿರಿಯರು ಎಲ್ಲರೂ ಆರೋಪಿಯ ಬೆನ್ನಿಗಿರಬಹುದು. ಏಟು ಬಿದ್ದದ್ದು ಒಬ್ಬನಿಗೆ, ಎಚ್ಚರಿಕೆ ಮುಟ್ಟಿದ್ದು ಇಡೀ ಕೇರಿಗೆ. ಕಟಕಟೆಯಲ್ಲಿ ನಿಜ ನುಡಿದವಳು ಸಂಜೆ ಬಸ್ಸಿಳಿಯುವುದು ಅದೇ ಊರಿನಲ್ಲಿ. ಹೀಗಿರುವಾಗ ಸಂತ್ರಸ್ತರಿಗೆ ಕೊಡುವ ಆಸರೆಯನ್ನು ಮೊಕದ್ದಮೆಯ ಪಕ್ಕದಲ್ಲಿ ನಡೆಯುವ ದಯೆಯ ಕೆಲಸವೆಂದು ಕಾಣುವುದೇ ತಪ್ಪು. ಆ ಆಸರೆ ಇಲ್ಲದಿದ್ದರೆ ಪುರಾವೆಯೇ ಹುಟ್ಟುವುದಿಲ್ಲ.

ಕಾನೂನಿಗೆ ಇದು ಗೊತ್ತು. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಗೆ 2016ರ ಜನವರಿ 26ರಿಂದ ಜಾರಿಯಾದ ತಿದ್ದುಪಡಿ ರಕ್ಷಣೆ, ಪ್ರಯಾಣ ವೆಚ್ಚ, ಪುನರ್ವಸತಿ, ಜಾಮೀನು ಅರ್ಜಿಯಲ್ಲಿ ಮಾತಾಡುವ ಅವಕಾಶ, ಇಷ್ಟನ್ನೂ ಸಂತ್ರಸ್ತರ ಹಕ್ಕೆಂದು ಬರೆಯಿತು. 2021ರಲ್ಲಿ ರಾಜಸ್ಥಾನದ ಕೊಲೆ ಪ್ರಕರಣವೊಂದರಲ್ಲಿ, ಸಂತ್ರಸ್ತರಿಗೆ ನೋಟಿಸ್ ಕೊಡದೆ ನೀಡಿದ್ದ ಜಾಮೀನನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು. ದೋಷಾರೋಪ ಪಟ್ಟಿ ಸಲ್ಲಿಸಿದ ಎರಡು ತಿಂಗಳೊಳಗೆ ಆದಷ್ಟು ಮಟ್ಟಿಗೆ ವಿಚಾರಣೆ ಮುಗಿಯಬೇಕೆಂದೂ ಕಾಯ್ದೆ ಹೇಳುತ್ತದೆ. ನಡೆಯುವುದು ಬೇರೆ: ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು. 98 ಮಂದಿಗೆ ಜೀವಾವಧಿ ಶಿಕ್ಷೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಮರುತಿಂಗಳೇ ಹೈಕೋರ್ಟ್‌ನಿಂದ ಅವರಲ್ಲಿ ಬಹುತೇಕರಿಗೆ ಜಾಮೀನು ಸಿಕ್ಕಿತು. ಮೇಲ್ಮನವಿ ಆರೋಪಿಯ ಹಕ್ಕು, ಅದರಲ್ಲಿ ತಕರಾರಿಲ್ಲ. ಆದರೆ ಹತ್ತು ವರ್ಷ ಬೆದರಿಕೆಗೂ ಆಮಿಷಕ್ಕೂ ಮಣಿಯದೆ ನಿಲ್ಲಿ ಎಂದು ಕೂಲಿಕಾರರನ್ನು ಯಾವ ಬಾಯಿಂದ ಕೇಳುವುದು?

ಅಟ್ರಾಸಿಟಿ ಕೇಸು ದುರ್ಬಳಕೆಯಾಗುತ್ತಿದೆ, ಖುಲಾಸೆಗಳೇ ಅದಕ್ಕೆ ಸಾಕ್ಷಿ ಎನ್ನುವವರಿದ್ದಾರೆ. ಸುಳ್ಳು ದೂರುಗಳು ಇಲ್ಲವೇ ಇಲ್ಲ ಎನ್ನಲಾರೆ. ಆದರೆ ಸಾಕ್ಷಿ ಬಾಯಿ ಕಟ್ಟಿಕೊಂಡದ್ದರಿಂದ ಬಂದ ಖುಲಾಸೆ ದೂರು ಸುಳ್ಳೆಂದು ತೋರಿಸುವುದಿಲ್ಲ. ಮೇಲಾಗಿ, ಹೆದರಿಕೆಯಿಲ್ಲದ ಸಾಕ್ಷಿ ನಿರಪರಾಧಿಗೂ ಬೇಕು. ತನ್ನವರೇ ಕೊಟ್ಟ ಸುಳ್ಳು ದೂರನ್ನು ಅಲ್ಲಗಳೆಯಲೂ ಧೈರ್ಯ ಬೇಕಲ್ಲ! ಸರ್ಕಾರದಿಂದ ಪರಿಹಾರದ ಹಣ ಪಡೆದವರ ಮಾತನ್ನು ನಂಬುವುದು ಹೇಗೆ ಎಂಬ ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಕಾಯ್ದೆಯ ನಿಯಮಗಳ ಪ್ರಕಾರ ಹಲವು ಅಪರಾಧಗಳಲ್ಲಿ ಪರಿಹಾರದ ಕೊನೆಯ ಕಾಲು ಭಾಗ ಕೈಸೇರುವುದು ಆರೋಪಿಗೆ ಶಿಕ್ಷೆಯಾದ ಮೇಲೆ. ಆರೋಪಿಯ ವಕೀಲರಿಗೆ ಪಾಟೀಸವಾಲಿನಲ್ಲಿ ಇದಕ್ಕಿಂತ ಒಳ್ಳೆಯ ಅಸ್ತ್ರ ಬೇಕೆ? ನೊಂದವರ ಅಗತ್ಯ ತೀರ್ಪಿಗೆ ಕಾಯುವುದಿಲ್ಲ. ಪರಿಹಾರವನ್ನೂ ತೀರ್ಪಿಗೆ ಗಂಟುಹಾಕಬಾರದು. ಸರ್ಕಾರ ಆ ಕೊನೆಯ ಕಂತನ್ನು ದೋಷಾರೋಪ ಪಟ್ಟಿಯ ಹಂತದಲ್ಲೇ ಕೊಟ್ಟು ಮುಗಿಸಲಿ.